ಬಾರ್ಟ್ಲಿ ಸ್ಕ್ಯಾಲಿಯ ನೇರ ಗೆರೆ

ಬಾರ್ಟ್ಲಿ ಸ್ಕ್ಯಾಲಿ ಒಳ್ಳೆಯ ಮನುಷ್ಯನಲ್ಲ. ಕೆಟ್ಟವನು ಎನ್ನುವುದಕ್ಕೂ ಆಗದು. ಕೆಟ್ಟತನಕ್ಕೆ ಬೇರೆಯವರ ಮೇಲೆ ಒಂದಿಷ್ಟು ಆಸಕ್ತಿಯಾದರೂ ಬೇಕು. ಅವನಿಗೆ ಅದೂ ಇರಲಿಲ್ಲ. ಅವನು ಪ್ರೀತಿಸಿದ್ದು ತಾನು ತೋಡಿದ ಕಂದಕಗಳ ನೇರವನ್ನು ಮಾತ್ರ. ಹದಿನಾಲ್ಕು ವರ್ಷ ಅವನಿಗೆ ಅಡುಗೆ ಮಾಡಿಹಾಕಿದ ಮೇಲೆ ಮಗಳು ರೋಸನ್ನಾ ಬಂದ ತೀರ್ಮಾನ ಇದು. ಅವಳು ಆತುರದಲ್ಲಿ ತೀರ್ಮಾನಕ್ಕೆ ಬರುವವಳಲ್ಲ.

ರೋಸನ್ನಾಳ ತಾಯಿಯನ್ನು ಮಣ್ಣು ಮಾಡಿದ ಮಧ್ಯಾಹ್ನವೇ ಅವನು ಸಲಿಕೆ ಹೆಗಲಿಗಿಟ್ಟು ಹೊರಟಿದ್ದ. "ಗೆರೆ ಅರ್ಧಕ್ಕೆ ನಿಂತಿದೆ" ಎಂದು ಹೇಳಿದ್ದು ಬಿಟ್ಟರೆ ಬೇರೆ ಮಾತಿಲ್ಲ. ಹತ್ತು ವರ್ಷದ ರೋಸನ್ನಾಳ ಪಕ್ಕದಲ್ಲಿ ಆ ದಿನ ಕೂತವಳು ನೆರೆಮನೆಯ ಸಿರೀಲಾ, ಸ್ಪ್ಯಾನಿಷ್ ಮಾತಾಡುವ ಆ ಸೀಮೆಯ ಮರ್ಯಾದೆಯಲ್ಲಿ ಎಲ್ಲರಿಗೂ 'ದೋನ್ಯಾ'. ಸಮಾಧಾನ ಹೇಳದೆ, ಹುಡುಗಿಯ ಸಿಕ್ಕುಗಟ್ಟಿದ ಕೂದಲನ್ನು ಬಿಡಿಸಿ ಬಿಡಿಸಿ ಸಂಜೆಯವರೆಗೂ ಬಾಚಿದ್ದಳು.

ಅರ್ಜೆಂಟೀನಾದ ಅರೆಸಿಫೆಸ್ ನದಿಯ ಆಚೆಯ ಬಯಲಿನಲ್ಲಿ ಕಲ್ಲಿಲ್ಲ, ಮರವಿಲ್ಲ. ಬೇಲಿಗೆ ಏನೂ ಸಿಗದ ಕಡೆ ಕುರಿ ಸಾಕಬೇಕಾದರೆ ನೆಲವನ್ನೇ ಕಡಿದು ಕಂದಕ ಮಾಡಬೇಕು. ಕುದುರೆಯಿಂದ ಇಳಿದು ಮಾಡುವಂಥದ್ದನ್ನು ಅಲ್ಲಿನ ಗಂಡಸರು ಕೆಲಸವೆಂದೇ ಎಣಿಸುತ್ತಿರಲಿಲ್ಲ. ಐರ್ಲೆಂಡಿನ ಲಾಂಗ್‌ಫರ್ಡ್ ಸೀಮೆಯಿಂದ ಬಂದವರಿಗೆ ಕುದುರೆ ಗೊತ್ತಿರಲಿಲ್ಲ, ಸಲಿಕೆ ಗೊತ್ತಿತ್ತು. ಅವರು ಅಗೆದರು. ಅಲೆಯುತ್ತಿದ್ದ ಕುರಿ ಒಂದು ಕಡೆ ನಿಂತಿತು, ಉಣ್ಣೆ ಹಡಗು ಹತ್ತಿತು, ದೇಶಕ್ಕೆ ಹೆಸರು ಬಂತು. ಅಗೆದವರಲ್ಲಿ ಕೆಲವರು ಜಮೀನುದಾರರಾದರು. ಬಾರ್ಟ್ಲಿಯ ಜತೆ ಒಂದೇ ಹಡಗಿನಲ್ಲಿ ಬಂದ ಮಾರ್ಕ್ ಬ್ಯಾಲೆಸ್ಟಿ ಹಾಗೆ ದೊಡ್ಡವನಾದವನು. ಬಾರ್ಟ್ಲಿ ಮಾತ್ರ ಸಲಿಕೆ ಬಿಡಲಿಲ್ಲ.

ಬಿಡುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಮೂರು ಕೋಲು ನೆಟ್ಟು, ದೂರದ ತುದಿಯಲ್ಲಿ ಎತ್ತಿನ ಬಿಳಿ ತಲೆಬುರುಡೆಯೊಂದನ್ನು ಇಟ್ಟು, ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದನೆಂದರೆ ಮುಗಿಯಿತು. ಒಂದು ಹರದಾರಿ ಉದ್ದದ ಕಂದಕದಲ್ಲಿ ಒಂದು ಗೇಣು ಓರೆ ಹುಡುಕಿದರೂ ಸಿಗುತ್ತಿರಲಿಲ್ಲ. ಅರ್ಧ ಮೈಲಿ ದೂರದ ಕುರಿಮರಿಯ ಕಿವಿಗುರುತನ್ನು ಓದುತ್ತೇನೆ ಎಂದು ಅವನು ಜಂಬ ಕೊಚ್ಚುತ್ತಿದ್ದ. ಓದುತ್ತಲೂ ಇದ್ದ. ಆ ಕಡೆ ಯಾವುದಾದರೂ ನೆಟ್ಟಗಿದ್ದರೆ ಜನ "ಸ್ಕ್ಯಾಲಿ ನೋಡಿದ ಹಾಗಿದೆ" ಎನ್ನುತ್ತಿದ್ದರು. ಅದನ್ನು ಕೇಳಿದ ದಿನ ಅವನು ಊಟಕ್ಕೆ ಕೂತಾಗ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು.

ರೋಸನ್ನಾಳಿಗೆ ಇಪ್ಪತ್ತನಾಲ್ಕಾದ ವರ್ಷ ಸರ್ಕಾರದ ಅಳತೆಯವನು ಬಂದು ಗೂಟ ನೆಟ್ಟುಹೋದ. ಬ್ಯಾಲೆಸ್ಟಿಯ ಜಮೀನಿನ ಗಡಿ ಸಿರೀಲಾಳ ಗುಡಿಸಲಿಗೂ ಅವಳ ಬಾವಿಗೂ ನಡುವೆ ಹಾದುಹೋಯಿತು. ಗಂಡ ಬದುಕಿದ್ದಾಗ ತೋಡಿದ ಬಾವಿ ಗಡಿಯಿಂದ ಹನ್ನೊಂದು ಹೆಜ್ಜೆ ಬ್ಯಾಲೆಸ್ಟಿಯ ಕಡೆಗೆ ಬಿತ್ತು. ಬೇರೆ ನೀರೆಂದರೆ ಒಂದು ಹರದಾರಿ ಆಚೆಯ ತೊರೆ. ಬೇಸಿಗೆಯಲ್ಲಿ ಅದೂ ಬತ್ತುತ್ತದೆ. ಅರವತ್ತು ದಾಟಿದ ಹೆಂಗಸು, ಮೂವತ್ತು ಕುರಿ. ಗಡಿಯುದ್ದಕ್ಕೂ ಕಂದಕ ತೋಡಲು ಬ್ಯಾಲೆಸ್ಟಿ ಬಾರ್ಟ್ಲಿಯನ್ನು ಹಚ್ಚಿದ್ದ. ಕಂದಕ ಬಿದ್ದರೆ ಅವಳು ಅಲ್ಲಿಂದ ಏಳಲೇಬೇಕು.

ಅವಳು ಮೊದಲು ಬ್ಯಾಲೆಸ್ಟಿಯ ಹತ್ತಿರ ಹೋದಳು. ಅವನು ಕುರ್ಚಿ ಹಾಕಿ ಕೂರಿಸಿ, ಸೋರೆಬುರುಡೆಯಲ್ಲಿ ಕಷಾಯ ಕೊಟ್ಟು, ಆಗುವುದಿಲ್ಲ ಎಂದ. "ನಿಮಗೆ ಬಿಟ್ಟುಕೊಟ್ಟೆ ಅಂತಾದ್ರೆ ಗಡಿಯುದ್ದಕ್ಕೂ ಇರೋ ಎಂಟು ಮನೆಯವರೂ ನಾಳೆ ಇಲ್ಲಿ ಬಂದು ಕೂರ್ತಾರೆ, ದೋನ್ಯಾ." ಅದು ಸುಳ್ಳೂ ಆಗಿರಲಿಲ್ಲ.

ಆಮೇಲೆ ಅವಳು ಬಾರ್ಟ್ಲಿ ಅಗೆಯುತ್ತಿದ್ದಲ್ಲಿಗೆ ಬಂದಳು. ಊಟ ತಂದಿದ್ದ ರೋಸನ್ನಾ ಅಲ್ಲೇ ಇದ್ದಳು.

"ದೊನ್ ಬಾರ್ತೊಲೊ, ಹನ್ನೊಂದು ಹೆಜ್ಜೆ ನಿಮಗೆ ಏನು ದೊಡ್ಡದು?" ಸಿರೀಲಾ ಬಾರ್ಟ್ಲಿಯನ್ನು ಕರೆಯುತ್ತಿದ್ದುದೇ ಹಾಗೆ.

"ನನ್ನ ಗೆರೆ ಯಾವತ್ತೂ ಸೊಟ್ಟಗೆ ಹೋಗಿಲ್ಲ, ದೋನ್ಯಾ."

"ನಾನು ಎಲ್ಲಿಗೆ ಹೋಗ್ಲಿ?"

"ಅದು ಅಳತೆಯವನನ್ನ ಕೇಳಬೇಕಾದ ಮಾತು." ಅವನು ಮತ್ತೆ ಕಂದಕಕ್ಕೆ ಇಳಿದ.

ಅವಳು ಹೋದ ಮೇಲೆ ರೋಸನ್ನಾಳಿಗೆ ತಡೆಯಲಾಗಲಿಲ್ಲ. "ಅಮ್ಮ ಸತ್ತಾಗ ನನ್ನ ತಲೆ ಬಾಚಿದವರು ಯಾರು ಅಂತ ನಿನಗೆ ಗೊತ್ತಾ, ಅಪ್ಪ? ಎಲ್ಲಿ ಗೊತ್ತಾಗಬೇಕು, ನೀನು ಮನೇಲಿ ಇದ್ರೆ ತಾನೇ."

ಬಾರ್ಟ್ಲಿ ಸಲಿಕೆಗೆ ಅಂಟಿದ ಮಣ್ಣನ್ನು ಬೆರಳಿನಿಂದ ಕೆರೆದ. "ಮಾಂಸ ಇನ್ನೂ ಸ್ವಲ್ಪ ಬೇಯಬೇಕಿತ್ತು" ಎಂದ.

ನವೆಂಬರಿನಲ್ಲಿ ಉಣ್ಣೆ ಕತ್ತರಿಸುವ ಕಾಲ ಬಂತು. ಕತ್ತರಿಯವರಿಗೆ ಅಡುಗೆ ಮಾಡಲು ರೋಸನ್ನಾ ಬ್ಯಾಲೆಸ್ಟಿಯ ಮನೆಗೆ ಹೋಗಿ ಮೂರು ವಾರ ಅಲ್ಲೇ ಉಳಿದಳು. ಸುತ್ತಲಿನ ಗಂಡಸರೆಲ್ಲ ಅಲ್ಲೇ ಇದ್ದರು. ಬಯಲಿನಲ್ಲಿ ಬಾರ್ಟ್ಲಿ ಒಬ್ಬನೇ ಅಗೆಯುತ್ತಿದ್ದ.

ಕೊನೆಯ ದಿನ ಬ್ಯಾಲೆಸ್ಟಿ ಅವಳನ್ನು ಗಾಡಿಯಲ್ಲಿ ಮನೆಗೆ ಬಿಡಲು ಹೊರಟವನು ದಾರಿಯಲ್ಲಿ ಕಂದಕ ನೋಡಿಕೊಂಡು ಹೋಗೋಣವೆಂದ. ದಾರ ಎಳೆದಂತೆ ಬಂದಿದ್ದ ಗೆರೆ ಸಿರೀಲಾಳ ಗುಡಿಸಲಿನ ಹತ್ತಿರ ಮೆಲ್ಲಗೆ ಹೊರಳಿ, ಬಾವಿಯ ಆಚೆಯಿಂದ ಬಳಸಿ, ಮತ್ತೆ ಹಳೆಯ ಜಾಡಿಗೆ ಬಂದು ಸೇರಿತ್ತು. ಬಾವಿಯ ಪಕ್ಕದಲ್ಲಿ ಸಿರೀಲಾ ನಿಂತಿದ್ದಳು. ಅಷ್ಟು ದಿನವೂ ಅವಳು ತುಟಿ ಎರಡು ಮಾಡಿರಲಿಲ್ಲ. ಮಾತಾಡಿದರೆ ಬಾರ್ಟ್ಲಿಗೆ ತನ್ನ ತಪ್ಪು ಗೊತ್ತಾಗಿಬಿಟ್ಟೀತು ಎಂದು ಹೆದರಿದ್ದಳು.

ಬ್ಯಾಲೆಸ್ಟಿ ಗಾಡಿಯಿಂದ ಇಳಿದ. "ಏನೋ ಬಾರ್ಟ್ಲಿ ಇದು? ನಿನ್ನ ಗೆರೆ ಬಸುರಿಯಾಗಿದೆಯಲ್ಲೋ."

ಬಾರ್ಟ್ಲಿ ಕಂದಕದೊಳಗಿಂದ ತಲೆಯೆತ್ತಿದ. "ಎಲ್ಲಿ?"

"ಎಲ್ಲಿ ಅಂತ ಕೇಳ್ತೀಯಾ? ಕುರುಡನಿಗೂ ಕಾಣುತ್ತೆ."

"ಹಾಗಾದ್ರೆ ಕುರುಡನಿಗಿಂತ ಕಡೆಯಾದೆ ಅನ್ನು." ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. "ಈಚೆಗೆ ಮಂಜು ಮಂಜು, ಮಾರ್ಕ್. ಕೋಲು ಎರಡೆರಡು ಕಾಣ್ತವೆ."

"ಮುಚ್ಚಿ ಹೊಸದಾಗಿ ತೋಡು."

"ತೋಡ್ತೀನಿ. ಮುಚ್ಚಿದ ಮಣ್ಣು ಮೊದಲ ಮಳೆಗೆ ಕುಸಿಯುತ್ತೆ. ನಿನ್ನ ಕುರಿ ಅಲ್ಲೇ ದಾಟ್ತವೆ. ಆಮೇಲೆ ನನ್ನ ಮೇಲೆ ಹಾರಬೇಡ."

ಅದು ಬ್ಯಾಲೆಸ್ಟಿಗೂ ಗೊತ್ತಿತ್ತು, ಅವನೂ ಅಗೆದವನೇ. ಅವನು ಬಾವಿಯನ್ನು ನೋಡಿದ, ಸಿರೀಲಾಳನ್ನು ನೋಡಿದ, ಕೊನೆಗೆ ನಕ್ಕುಬಿಟ್ಟ. "ಇರಲಿ ಬಿಡು. ಕಣ್ಣು ಹೋದವನು ಮಾಡಿದ್ದನ್ನ ತೋರಿಸಿ ನನಗೂ ಕೊಡು ಅಂತ ಯಾರೂ ಬರೋಲ್ಲ."

ರೋಸನ್ನಾಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. ಆ ಹೆಂಗಸು ಎದುರು ನಿಂತು ಬೇಡಿದಾಗ ಕರಗದವನು ಕಣ್ಣು ಕೈಕೊಟ್ಟಿದ್ದರಿಂದ ಅವಳನ್ನು ಉಳಿಸಿದ್ದ. ಸಿರೀಲಾ ಮೇರಿಮಾತೆಗೆ ಮೇಣದಬತ್ತಿ ಹಚ್ಚಿದಳು, ಬಾರ್ಟ್ಲಿಗೆ ಏನೂ ಹೇಳಲಿಲ್ಲ. ಅದೇ ಸರಿ ಎನಿಸಿತು ರೋಸನ್ನಾಳಿಗೆ.

ಸುದ್ದಿ ಹಬ್ಬುವುದಕ್ಕೆ ಒಂದು ಭಾನುವಾರ ಸಾಕಾಯಿತು. ಕುದುರೆಯ ಮೇಲೆ ಊರೂರು ಸುತ್ತುವ ಐರಿಷ್ ಪಾದ್ರಿ ಬ್ಯಾಲೆಸ್ಟಿಯ ಉಣ್ಣೆ ಕೊಟ್ಟಿಗೆಯಲ್ಲಿ ಪೂಜೆ ನಡೆಸಿದ. ಮುಗಿದ ಮೇಲೆ ಗಂಡಸರು ಬಾರ್ಟ್ಲಿಯನ್ನು ಸುತ್ತುಗಟ್ಟಿದರು.

"ಪಾದ್ರಿಗಳು ಯಾವ ಕಡೆ ನಿಂತಿದ್ರು ಅಂತ ಗೊತ್ತಾಯ್ತೇನೋ, ಬಾರ್ಟ್ಲಿ?"

"ಇಬ್ಬರು ಪಾದ್ರಿಗಳು ಕಂಡ್ರು," ಎಂದ ಅವನು. "ಇಬ್ಬರೂ ನಿನ್ನನ್ನೇ ದುರುಗುಟ್ಟಿ ನೋಡ್ತಿದ್ರು."

ಎಲ್ಲರೂ ನಕ್ಕರು. ಆ ತಿರುವಿಗೆ 'ಸ್ಕ್ಯಾಲಿಯ ಹೊಟ್ಟೆ' ಎಂಬ ಹೆಸರು ಅಂದೇ ಬಿತ್ತು. ನೆಟ್ಟಗಿದ್ದುದಕ್ಕೆ ಅವನ ಹೆಸರು ಹೇಳುತ್ತಿದ್ದವರು ಈಗ ಸೊಟ್ಟಗಿದ್ದುದಕ್ಕೆಲ್ಲ ಹೇಳತೊಡಗಿದರು. ಗಡಿಯ ಕಂದಕಕ್ಕೆ ಅವನನ್ನು ಯಾರೂ ಮತ್ತೆ ಕರೆಯಲಿಲ್ಲ. ಕುರಿದೊಡ್ಡಿಯ ಸುತ್ತ, ತರಕಾರಿ ಮಡಿಯ ಸುತ್ತ, ಓರೆಯಾದರೂ ನಡೆಯುವಂಥ ಕೆಲಸ ಕೊಟ್ಟರು. ಅವನು ಅದನ್ನೂ ಮಾಡಿದ. ಮನೆಯಲ್ಲಿ ರೋಸನ್ನಾ ಅವನ ತಟ್ಟೆಯ ಮಾಂಸದಿಂದ ಮೂಳೆ ಬಿಡಿಸಿ ಕೊಡುತ್ತಿದ್ದಳು. ಕರುಣೆಯಿಂದಲ್ಲ, ಗಂಟಲಿಗೆ ಸಿಕ್ಕಿಕೊಂಡರೆ ಒದ್ದಾಡಬೇಕಾದವಳು ತಾನೇ ಎಂದು. ಅವನೂ ಬೇಡವೆನ್ನಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಅವಳು ಬಕೆಟ್ ಹಿಡಿದು ದೊಡ್ಡಿಯಿಂದ ಹಿಂದಿನ ಬಾಗಿಲಿಗೆ ಬಂದಳು. ಒಳಗೆ ಕತ್ತಲು, ಆಚೆಯ ಬಾಗಿಲಲ್ಲಿ ಬಿಸಿಲು. ಹೊಸ್ತಿಲಾಚೆ, ಕೂರುವುದಕ್ಕೆಂದು ಹಾಕಿದ್ದ ಎತ್ತಿನ ತಲೆಬುರುಡೆಯ ಮೇಲೆ ಬಾರ್ಟ್ಲಿ ಕೂತಿದ್ದ. ಮಡಿಲಲ್ಲಿ ಗುಂಡಿ ಕಿತ್ತುಹೋದ ತೋಳಿಲ್ಲದ ಕೋಟು. ಅವನು ಸೂಜಿಯನ್ನು ಬೆಳಕಿಗೆ ಹಿಡಿದು, ಬಲಗಣ್ಣು ಮುಚ್ಚಿ, ಒಂದೇ ಸಲಕ್ಕೆ ದಾರ ಪೋಣಿಸಿದ.

ರೋಸನ್ನಾ ನಿಂತುಬಿಟ್ಟಳು.

ಅವನು ತಲೆಯೆತ್ತಿ ಬಯಲಿನ ಅಂಚನ್ನು ನೋಡಿದ. ಅಲ್ಲಿ ಅವಳಿಗೆ ಕಂಡದ್ದು ಒಂದು ಚುಕ್ಕೆ. ಕುದುರೆಯೋ ಹಸುವೋ ಹೇಳುವುದು ಸಾಧ್ಯವಿರಲಿಲ್ಲ. ಬಾರ್ಟ್ಲಿ ಒಂದು ಕ್ಷಣ ನೋಡಿ ಸೂಜಿಯಿಂದ ದಾರವನ್ನು ಎಳೆದು ತೆಗೆದ. ಆಮೇಲೆ ಒಳಗೆ ತಿರುಗಿದಾಗ ಮಗಳು ಕಂಡಳು. ಚುಕ್ಕೆ ಬೆಳೆಯಿತು, ಕುದುರೆಯಾಯಿತು, ಅದರ ಮೇಲೊಬ್ಬ ಮನುಷ್ಯನಾದ, ಬಹಳ ಹೊತ್ತಿನ ಮೇಲೆ ಆ ಮನುಷ್ಯ ಮಾರ್ಕ್ ಬ್ಯಾಲೆಸ್ಟಿಯಾದ.

"ಹೊಲಿಗೆಗೆ ಕೂತ್ಯೇನೋ, ಮಾರಾಯ?" ಬ್ಯಾಲೆಸ್ಟಿ ಕುದುರೆಯ ಮೇಲಿಂದಲೇ ಕೂಗಿದ.

ಬಾರ್ಟ್ಲಿ ಸೂಜಿ ದಾರ ಎರಡನ್ನೂ ರೋಸನ್ನಾಳ ಕಡೆ ಚಾಚಿದ.

"ಪೋಣಿಸಿಕೊಡಮ್ಮ," ಎಂದ. "ತೂತು ಕಾಣ್ತಿಲ್ಲ."

ಅವಳು ಬಕೆಟ್ ಕೆಳಗಿಟ್ಟಳು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಬೆಳಕಿಗೆ ಬಂದಳು. ಅವಳ ಕೈಯಲ್ಲಿ ದಾರ ತೂತು ಸೇರಿದ್ದು ಮೂರನೆಯ ಸಲಕ್ಕೆ.