ಹೋಳಿಗೆ ಉಂಡು ಬರೆದ ಇತಿಹಾಸ

ಹೋಳಿಗೆಯ ವಾಸನೆ ಬಂದರೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ನೆನಪಾಗುವುದು ಇತಿಹಾಸ. ನಗಬೇಡಿ. ಇವತ್ತು ಬೆಳಿಗ್ಗೆ ನೆರೆಮನೆಯಲ್ಲಿ ಹೂರಣ ಕುದಿಯುವ ಘಮ ಕಿಟಕಿ ದಾಟಿ ಬಂದದ್ದೇ ತಡ, ದೇವರ ಹಿಪ್ಪರಗಿಯ ನನ್ನ ಸೋದರಮಾವ ಕಣ್ಣ ಮುಂದೆ ಬಂದು ಕೂತ.

ಮಾಮಾ ಶಾಲೆಯ ಮಾಸ್ತರನಾಗಿದ್ದವನು, ನಿವೃತ್ತನಾದ ಮೇಲೆ ಊರುಗಳ ಇತಿಹಾಸ ಬರೆಯತೊಡಗಿದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲೂಕಿನಿಂದ ಕರೆ ಬಂದರೂ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸು ಹತ್ತುವವನೇ. ನಮ್ಮ ಕಡೆ ಹೀಗೆ ಬರೆಯಲು ಬಂದವರಿಗೆ ಮೊದಲು ಉಣ್ಣಿಸುತ್ತಾರೆ, ಶಾಸನದ ಕಲ್ಲನ್ನು ಆಮೇಲೆ ತೋರಿಸುತ್ತಾರೆ. ತುಪ್ಪ ಸುರಿದ ಹೋಳಿಗೆ ಉಂಡವನು ಎದ್ದು, ನಿಮ್ಮೂರಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆದಿಲ್ಲ ಎನ್ನುವುದು ಹೇಗೆ? ಉಪ್ಪಿನ ಋಣ ಬಿಟ್ಟೀತೇ? ಹೀಗಾಗಿ ಮಾಮಾನ ಪುಸ್ತಕಗಳಲ್ಲಿ ಚಾಲುಕ್ಯ ದೊರೆ ಊರೂರಿಗೂ ಬಂದು ಬೀಡುಬಿಟ್ಟ. ಅಷ್ಟೊಂದು ಕಡೆ ಮಲಗೆದ್ದವನು ಯುದ್ಧಕ್ಕೆ ಹೋದದ್ದು ಯಾವಾಗ ಎಂದು ನೀವೇ ಕೇಳೀರಿ.

ನಾನು ಸಿಂದಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಮೂಗು ಮೇಲೆತ್ತಿ, "ಆಧಾರ ಎಲ್ಲೈತಿ ಮಾಮಾ?" ಎಂದರೆ ಅವನ ಉತ್ತರ ಸಿದ್ಧವಿರುತ್ತಿತ್ತು: "ಆಧಾರ ಹುಡುಕಾಕ ನೀ ಅದಿ. ಊರಿಗೆ ಮರ್ಯಾದಿ ಕೊಡಾಕ ನಾ ಅದೇನಿ." ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅವನು ಕಟ್ಟಿಸಿಕೊಂಡು ಬರುತ್ತಿದ್ದ ಬುತ್ತಿಯಲ್ಲಿ ನನಗೂ ಪಾಲಿರುತ್ತಿತ್ತಲ್ಲ.

ಮೋರಟಗಿ ಕಡೆಯ ಒಂದು ಹಳ್ಳಿ ಈ ನಗೆಯನ್ನು ನಿಲ್ಲಿಸಿತು. ಹೆಸರು ಹೇಳುವುದಿಲ್ಲ, ಹೇಳಿದರೆ ನನ್ನನ್ನೂ ಊಟಕ್ಕೆ ಕರೆದಾರು. ಆ ಊರ ಹೊರಗೊಂದು ವೀರಗಲ್ಲು ಇದೆ. ಅದರ ಮುಂದೆ ಅಮಾವಾಸ್ಯೆಗೊಮ್ಮೆ ದೀಪ ಹಚ್ಚುತ್ತ ಬಂದದ್ದು ಕುರಿ ಕಾಯುವ ನಿಂಗವ್ವನ ಮನೆತನ; ಆ ವೀರ ತಮ್ಮ ಮುತ್ಯಾ, ಅಂದರೆ ಮುತ್ತಜ್ಜ, ಎಂದೇ ಅವರ ನಂಬಿಕೆ. ಸತ್ತ ವೀರನ ಹೆಸರಿರಬೇಕಾದ ಕಡೆ ಕಲ್ಲಿನ ಚಕ್ಕೆ ಎದ್ದುಹೋಗಿದೆ. ಶಾಸನ ಓದುವವರು ಇಂಥ ಕಡೆ ಚುಕ್ಕಿ ಹಾಕಿ ಮುಂದೆ ಹೋಗಬೇಕು, ಅದು ನಮ್ಮ ಕಸುಬಿನ ಧರ್ಮ. ಗೌಡರ ಮನೆಯಲ್ಲಿ ಉಂಡು ಬಂದಿದ್ದ ಮಾಮಾ ಅಲ್ಲಿ ಗೌಡರ ಹಿರಿಯರ ಹೆಸರು ಕೂಡಿಸಿದ. ಪುಸ್ತಕ ಅಚ್ಚಾಯಿತು. ಗೌಡರು ಕಲ್ಲಿನ ಸುತ್ತ ಜಾಲರಿ ಹಾಕಿಸಿ ಕೀಲಿ ಜಡಿದರು.

ನಿಂಗವ್ವ ನನ್ನ ಮನೆ ಹುಡುಕಿಕೊಂಡು ಸಿಂದಗಿಗೇ ಬಂದಳು. "ನಿಮ್ಮ ಮಾಮಾ ಬರದಾರಂತಲ್ರಿ. ಇನ್ನ ನಮ್ಮ ದೀಪ ಬ್ಯಾಡಂತ. ನಾ ಸತ್ತ ಮ್ಯಾಲ ನಮ್ಮ ಹಿರ್‍ಯಾರಿಗೆ ಏನಂತ ಮಾರಿ ತೋರಸ್ಲಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಕ್ಕ ಬಸ್ಸು ಹತ್ತಿ ಹಿಪ್ಪರಗಿಗೆ ಹೋಗಿ, ಆ ಹೆಸರು ಎಲ್ಲಿ ಓದಿದೆ ಎಂದು ಕೇಳಿದೆ. ಮಾಮಾ ಕಪಾಟಿನಿಂದ ಪುಸ್ತಕ ತೆಗೆದು, ಆ ಪುಟ ಬಿಚ್ಚಿ ನನ್ನ ಮುಂದಿಟ್ಟ.

"ಓದಲಿಲ್ಲವ್ವಾ," ಎಂದ. "ಹೊಟ್ಟಿ ತುಂಬಿತ್ತು, ಬರದೆ."

ಮರುದಿನ ಇಬ್ಬರೂ ಆ ಹಳ್ಳಿಗೆ ಹೋದೆವು. ಚಾವಡಿಯಲ್ಲಿ ಊರವರು ಕೂಡಿದ್ದರು. ಮಾಮಾ ಎದ್ದು ನಿಂತು, "ಅಲ್ಲಿ ಅಕ್ಷರ ಒಡದಾವ್ರಿ. ಹೆಸರು ನಾ ಹುಟ್ಟಿಸಿದ್ದು," ಎಂದ.

ಗೌಡರ ಮುಖ ಕೆಂಪೇರಿತು. "ಮಾಸ್ತರ, ನಮ್ಮನಿ ಅನ್ನಾ ಉಂಡೀರಿ."

"ಉಂಡೇನ್ರಿ. ಉಂಡಿದ್ದಕ್ಕ ಸುಳ್ಳ ಬರದು ತೀರಿಸಿದೆ. ಅದ ತಪ್ಪಾತು."

ಹಿರಿಯರೊಬ್ಬರು ಕೀಲಿ ತೆಗೆಸಿರಿ ಗೌಡ್ರ ಎಂದರು. ಗೊಣಗುತ್ತಲೇ ತೆಗೆಸಿದರು. ನಿಂಗವ್ವನ ಖುಷಿ ಹೇಳತೀರದು. ಮಾಮಾನ ಬಳಿ ಬಂದು, "ಹಂಗಾರ ಈಗ ನಮ್ಮ ಮುತ್ಯಾನ ಹೆಸರು ಬರೀರಿ," ಎಂದಳು. ನನ್ನ ಮನಸ್ಸು ಕರಗಿಬಿಟ್ಟಿತು. ತಲೆತಲಾಂತರದಿಂದ ದೀಪ ಹಚ್ಚಿದವರು, ಬರೆದರೆ ಯಾರಿಗೆ ನಷ್ಟ? ಆದರೆ ಮಾಮಾ ಆಗದೆಂದು ತಲೆಯಾಡಿಸಿದ. "ಅದನ್ನೂ ಬರಿಯಾಕ ಬರಂಗಿಲ್ಲವ್ವಾ. ನಿನ್ನ ದೀಪಾ ನೀ ಹಚ್ಚು."

ನಿಂಗವ್ವ ಮುಖ ತಿರುಗಿಸಿ ಹೊರಟುಹೋದಳು. ಅಂದು ಯಾರ ಮನೆಯಲ್ಲೂ ನೀರು ಸಹ ಕುಡಿಯದೆ ಬಸ್ಸು ಹತ್ತಿದೆವು. ಯಾರಿಗೂ ಇಲ್ಲ ಎನ್ನದ ನನ್ನ ಮಾಮಾ ಒಂದೇ ದಿನ ಎರಡು ಮನೆಗಳಿಗೆ ಇಲ್ಲ ಎಂದಿದ್ದ. ಹಸಿದ ಹೊಟ್ಟೆಯಲ್ಲೂ ನನಗೆ ಹೆಮ್ಮೆಯೋ ಹೆಮ್ಮೆ.

ಆಮೇಲೆ ಬದುಕಿರುವವರೆಗೂ ಅವನದು ಒಂದೇ ತಿರುಗಾಟ. ಪುಸ್ತಕ ಕೊಟ್ಟಿದ್ದ ಗ್ರಂಥಾಲಯಗಳಿಗೆಲ್ಲ ಹೋಗಿ ಆ ಪುಟಕ್ಕೆ ತಿದ್ದುಪಡಿಯ ಚೀಟಿ ಅಂಟಿಸುವುದು: "ಇಲ್ಲಿ ಹೆಸರು ಅಳಿಸಿಹೋಗಿದೆ. ನಾನು ಬರೆದದ್ದು ಸುಳ್ಳು." ಕೆಳಗೆ ಸಹಿ. ಈಗ ಅವನಿಲ್ಲ. ಆ ಚೀಟಿಗಳು ಕಿತ್ತುಹೋಗಿಲ್ಲವೆಂದು ನಾನೇ ಆಗಾಗ ನೋಡಿ ಬರುತ್ತೇನೆ.

ಇದನ್ನು ಬರೆಯುತ್ತಿರುವುದೂ ಮುದ್ದೇಬಿಹಾಳದ ಒಂದು ಗ್ರಂಥಾಲಯದಲ್ಲಿ ಕೂತು. ಚೀಟಿ ಗಟ್ಟಿಯಾಗಿದೆ. ಅದರ ಕೆಳಗೆ ಯಾರೋ ಓದುಗರು ಪೆನ್ಸಿಲ್‌ನಲ್ಲಿ ಕೇಳಿದ್ದಾರೆ: "ಹಂಗಾದ್ರ ಆ ಕಲ್ಲಿನಾಗಿನ ವೀರ ಯಾರು?" ಒಂದು ಕಾಲಕ್ಕೆ ಇಂಥ ಪ್ರಶ್ನೆ ಸಿಕ್ಕರೆ ಪುಟದಂಚು ತುಂಬುವಷ್ಟು ಪಾಂಡಿತ್ಯ ಸುರಿಯುತ್ತಿದ್ದೆ. ಈಗ ಪೆನ್ನು ತೆಗೆದು ಗುಂಡಗಿನ ಅಕ್ಷರದಲ್ಲಿ "ಗೊತ್ತಿಲ್ಲ" ಎಂದು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ, ಇತಿಹಾಸ ಉಪನ್ಯಾಸಕಿ ಎಂದೂ ಸೇರಿಸಿದೆ.