ಗೇಟಿನೊಳಗಿನ ಖಾಲಿ ಜಾಗ

ಕುಮಾರಸ್ವಾಮಿ ಲೇಔಟಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರ್‌ಗೆ ಸ್ವಂತ ಗಾಡಿಯೇ ಇರಲಿಲ್ಲ. ಆದರೂ ಗೇಟಿನೊಳಗೆ ಒಂದು ಕಾರಿನಷ್ಟು ಜಾಗವನ್ನು ಗುಡಿಸಿ, ತೊಳೆಸಿ, ಖಾಲಿ ಇಟ್ಟಿರುತ್ತಿದ್ದರು. ನನ್ನ ಸ್ಕೂಟರ್ ರಸ್ತೆಯಲ್ಲೇ ನಿಲ್ಲುತ್ತಿತ್ತು.

ಅವರು ಇಂಜಿನಿಯರ್. ಹೈಡ್ರೋಜನ್ನಿನಿಂದ ಓಡುವ ಗಾಡಿಗಳನ್ನು ದೇಶದಲ್ಲೇ ತಯಾರಿಸಲು ಸರ್ಕಾರ ಒಂದು ನೀತಿ ರೂಪಿಸುತ್ತಿತ್ತು. ಅದರ ಸಮಿತಿಗೆಂದು ಆಗಾಗ ದೆಹಲಿಗೆ ಹೋಗಿಬರುತ್ತಿದ್ದರು. "ಹೊಗೆ ಬರಲ್ಲ ಕಣ್ರೀ, ಬರೀ ನೀರು ಬರುತ್ತೆ" ಎಂದು ಅಂಗೈ ಚಾಚಿ, ಹನಿ ಬೀಳಲೆಂದು ಕಾಯುವವರಂತೆ ನಿಂತುಬಿಡುತ್ತಿದ್ದರು. ಆಗ ನನಗೂ ಬನಶಂಕರಿಯ ಬಸ್ಸುಗಳೆಲ್ಲ ಸದ್ದಿಲ್ಲದೆ, ರಸ್ತೆಗೆ ನೀರು ಚಿಮುಕಿಸುತ್ತಾ ತೇಲಿಹೋದಂತೆ ಕಾಣುತ್ತಿತ್ತು.

ಆಯುಧಪೂಜೆಯ ದಿನ ಬೀದಿಯವರೆಲ್ಲ ತಮ್ಮ ಗಾಡಿಗಳ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದರೆ, ಅವರು ಆ ಖಾಲಿ ಜಾಗಕ್ಕೆ ರಂಗೋಲಿ ಹಾಕಿಸಿ, ಮುಂದೆಂದೋ ಬರಲಿರುವ ಆ ಹೈಡ್ರೋಜನ್ ಗಾಡಿಯ ಚಕ್ರಗಳು ನಿಲ್ಲುವಲ್ಲಿ ನಾಲ್ಕು ನಿಂಬೆಹಣ್ಣು ಇಡುತ್ತಿದ್ದರು. ಮೊದಲ ಸಲ ನನಗೆ ನಗು ಬಂದಿತ್ತು. ಆಮೇಲೆ ಬರಲಿಲ್ಲ.

ಒಂದು ವರ್ಷ ಹಬ್ಬಕ್ಕೆ ಮುಂಚೆ ದೆಹಲಿಯಿಂದ ಬಂದವರು ಮಂಕಾಗಿದ್ದರು. "ಏನಾಯ್ತು ಸಾರ್?" ಎಂದೆ.

"ಇಲ್ಲಿ ಮಾಡೋದು ಬೇಡವಂತೆ. ಹೊರಗಿಂದ ಒಂದೆರಡು ಬಸ್ ತರಿಸಿ, ಓಡಿಸಿ ನೋಡ್ತಾರಂತೆ."

ಹಬ್ಬದ ಬೆಳಿಗ್ಗೆ ಅವರೇ ಗೇಟು ತೆರೆದರು. "ನಿಮ್ಮ ಸ್ಕೂಟರ್ ಒಳಗೆ ತನ್ನಿ. ಎಷ್ಟು ದಿನ ಅಂತ ಬಿಸಿಲಲ್ಲಿ ನಿಲ್ಲಿಸ್ತೀರಿ."

ರಂಗೋಲಿಯ ಮೇಲೆ ನಿಲ್ಲಿಸಿದೆ. ಎರಡು ನಿಂಬೆಹಣ್ಣನ್ನು ಚಕ್ರದಡಿ ಇಟ್ಟರು. ಇನ್ನೆರಡು ಜೇಬಿನಲ್ಲೇ ಉಳಿದವು. ಪೂಜೆಯಾದ ಮೇಲೆ ಕಿಕ್ ಹೊಡೆದು ಹಿಂತಿರುಗಿ ನೋಡಿದೆ. ಅವರು ಸೈಲೆನ್ಸರ್ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಹೊಗೆಗೆ ಅಂಗೈ ಒಡ್ಡಿದ್ದರು.