ಸ್ಟೀರಿಂಗಿನ ಹಿಂದಿನ ನಕಾಶೆ ಮತ್ತು ಖಾನಾಪುರದ ‘ಆತ’

ರಾಮತೀರ್ಥ ನಗರದಿಂದ ಹೊರಟಾಗ ಬೆಳಗಿನ ಹತ್ತು ಗಂಟೆ, ಜಿಟಿಜಿಟಿ ಮಳೆ. ಖಾನಾಪುರ ಮೂವತ್ತು ಕಿಲೋಮೀಟರೂ ಇಲ್ಲ. ಆದರೂ ನಾನು ಹಿಂದಿನ ದಿನವೇ ಟೈರಿನ ಗಾಳಿ ಎರಡು ಸಲ ನೋಡಿಸಿದ್ದೆ. ಹೆಂಡತಿ ಗಂಗಾಳ ಅಕ್ಕನ ಮಗಳು ಸವಿತಾಳ ಕುಬಸ. ಬಸುರಿಗೆ ಉಡಿಸುವ ಹಸಿರು ಸೀರೆ ನಮ್ಮ ಕಾರಿನಲ್ಲಿತ್ತು. ಹನ್ನೆರಡರೊಳಗೆ ಉಡಿಸಬೇಕೆಂದು ಮುಹೂರ್ತ ನೋಡಿದ ಅಯ್ನೋರು ಹೇಳಿದ್ದರು. ಅಕ್ಕ ಹೊಸ ಮನೆಗೆ ಹೋಗಿದ್ದರಿಂದ ದಾರಿ ಗೊತ್ತಿರಲಿಲ್ಲ.

ಕಾರೂ ಹೊಸದು. ಸ್ಟೀರಿಂಗಿನ ಹಿಂದೆ, ವೇಗದ ಮುಳ್ಳು ಇರಬೇಕಾದಲ್ಲಿ, ನಕಾಶೆ ಮೂಡುತ್ತದೆ. “ಕಣ್ಣು ರಸ್ತಾ ಬಿಟ್ಟು ಸರಿಯಂಗಿಲ್ಲ ಸರ್” ಎಂದಿದ್ದ ಶೋರೂಮಿನವನು. ನನ್ನ ಕಣ್ಣಿಗೆ ಎರಡು ಭಾಗದ ಗಾಜಿನ ಚಾಳೀಸು. ರಸ್ತೆಗೆ ಮೇಲಿನ ಭಾಗ, ನಕಾಶೆಗೆ ಕೆಳಗಿನದು. ಊರಂಚಿನ ಮಿಲಿಟರಿ ಕ್ಯಾಂಪ್ ದಾಟುವವರೆಗೂ ನೀರು ಕುಡಿಯುವ ಕೋಳಿಯಂತೆ ಕತ್ತು ಎತ್ತಿ ಇಳಿಸಿದೆ.

“ನಕಾಶಿ ನಿಮಗಷ್ಟ ಕಾಣತೈತಿ. ನಾ ಏನ್ ಮಾಡ್ಬೇಕ್ರಿ?” ಎಂದಳು ಗಂಗಾ.

“ಸುಮ್ನ ಆರಾಮ ಕುಂದರು.”

ಮದುವೆಯಾದಾಗಿನಿಂದ ಇಂಥ ಆಜ್ಞೆ ಅವಳಿಗೆ ಬಂದಿರಲಿಲ್ಲ. ಕೈಕಟ್ಟಿ ಕುಳಿತುಬಿಟ್ಟಳು.

ದೇಸೂರಿನ ಹತ್ತಿರ ಹೊಸ ಸಂಗತಿ ತಿಳಿಯಿತು. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದರೆ, ಅದರ ಅಡ್ಡಪಟ್ಟಿಯೇ ನಕಾಶೆಯ ಬಾಣದ ಗುರುತನ್ನು ಮುಚ್ಚುತ್ತದೆ. ಬಾಣ ಮತ್ತೆ ಕಾಣುವಷ್ಟರಲ್ಲಿ ನಾವು ರೈಲು ನಿಲ್ದಾಣದ ಮುಂದೆ ನಿಂತಿದ್ದೆವು.

“ರೈಲಿಗೆ ಹೋಗೂದಿತ್ತೇನ್ರಿ? ಹೇಳೂದಲ್ಲಾ!”

ಮರಳಿ ಹೆದ್ದಾರಿ ಹಿಡಿದು, ಮಳೆಯಲ್ಲಿ ತೆವಳುತ್ತ ಖಾನಾಪುರ ಮುಟ್ಟಿದಾಗ ಹನ್ನೆರಡಕ್ಕೆ ಕಾಲು ಗಂಟೆ ಉಳಿದಿತ್ತು. ಬೀಗ ಹಾಕಿದ ಹಿಟ್ಟಿನ ಗಿರಣಿಯ ಎದುರು ನಕಾಶೆ ‘ತಲುಪಿದಿರಿ’ ಎಂದಿತು. ಮನೆ ಎಲ್ಲೂ ಇಲ್ಲ. ಕಟ್ಟೆಯ ಮೇಲೆ ಛತ್ರಿ ಹಿಡಿದು ಕುಳಿತ ಮುದುಕರೊಬ್ಬರನ್ನು ಕೇಳಿದೆ: “ಅಜ್ಜಾರ, ಇಲ್ಲೆ ಕುಬಸದ ಮನಿ ಎಲ್ಲೈತ್ರಿ?”

ಅವರು ಕೈ ಬೀಸಿದರು. “ಆತ, ಆತ!”

ನಮ್ಮ ಕಡೆಯ ಮಾತಿನಲ್ಲಿ ಆತ ಎಂದರೆ ಆಯಿತು, ಮುಗಿಯಿತು.

“ಕುಬಸ ಮುಗದೈತಿ ಗಂಗಾ. ನಿಮ್ಮಕ್ಕಗ ಇನ್ನ ಯಾವ ಮಾರಿ ತೋರಸೂಣು?”

“ಸೀರಿ ನನ್ನ ತೊಡಿ ಮ್ಯಾಲ ಐತಿ. ಕುಬಸ ಹೆಂಗ ಆತ್ರಿ?”

“ಬ್ಯಾರೆ ಸೀರಿ ಉಡಿಸ್ಯಾರ!” ಎಂದು ಗಾಡಿ ಹಿಂದಕ್ಕೆ ತಿರುಗಿಸತೊಡಗಿದೆ.

ಮುದುಕರು ಗಾಬರಿಯಿಂದ ಎದ್ದು ಬಂದು, ಗಿರಣಿಯ ಬಾಜೂ ಇದ್ದ ಓಣಿಯತ್ತ ಛತ್ರಿಯಿಂದಲೇ ತೋರಿಸಿದರು. “ಅಹೋ, ಆತ! ಗಲ್ಲೀತ!”

ಗಂಗಾ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅವರು ಮರಾಠ್ಯಾಗ ಹೇಳಾಕತ್ಯಾರ್ರಿ. ಆತ ಅಂದ್ರ ಒಳಗ!”

ದಿನಾ ಮರಾಠಿಯಲ್ಲೇ ಸೊಪ್ಪು ಕೊಳ್ಳುವ ನಾನು ಕೆಟ್ಟ ಸುದ್ದಿಯನ್ನು ಮಾತ್ರ ಕನ್ನಡದಲ್ಲಿ ಕೇಳಿಸಿಕೊಂಡಿದ್ದೆ.

ಓಣಿಯ ಒಳಗೆ, ನಾಲ್ಕನೆಯ ಮನೆಯ ಬಾಗಿಲಲ್ಲೇ ಅಕ್ಕ ನಿಂತಿದ್ದಳು. ಬೈಯಲೂ ಪುರಸೊತ್ತಿಲ್ಲದೆ ಸೀರೆ ಕಸಿದುಕೊಂಡು ಒಳಗೆ ಓಡಿದಳು. ಹನ್ನೆರಡು ಹೊಡೆಯುವ ಮೊದಲೇ ಸವಿತಾ ಹಸಿರುಟ್ಟು, ಕೈತುಂಬ ಬಳೆ ತೊಟ್ಟು ಕುಳಿತಳು. ಆಮೇಲೆ ಹೋಳಿಗೆ, ಕರ್ಚಿಕಾಯಿ, ಐದು ತರದ ಅನ್ನ. ಅಕ್ಕನ ಬೈಗುಳ ಹೋಳಿಗೆಯ ಜೊತೆ ಬಂತು; ಎರಡನ್ನೂ ಎರಡೆರಡು ಸಲ ಬಡಿಸಿದಳು.

ಸಂಜೆ ಹೊರಡುವಾಗ ನಕಾಶೆಯನ್ನು ನನ್ನ ಮುಂದಿನಿಂದ ತೆಗೆದು, ಇಬ್ಬರಿಗೂ ಕಾಣುವ ನಡುವಿನ ಪರದೆಗೆ ಹಾಕಿದೆ.

“ಇನ್ನ ಹಾದಿ ತಪ್ಪಿದ್ರ ತಪ್ಪು ಇಬ್ಬರದೂ” ಎಂದೆ.

“ನಾ ನೋಡಾಕತ್ತ ಮ್ಯಾಲ ಹಾದಿ ಎಲ್ಲಿ ತಪ್ಪತೈತ್ರಿ? ಹಾಂ, ಎಡಕ್ಕ ಹೊಳ್ಳ್ರಿ. ಸಾವಕಾಶ. ಹಾರ್ನ್ ಹೊಡೀರಿ.”

ನಕಾಶೆಯಲ್ಲಿ ಹಾರ್ನಿನ ಗುರುತೇನೂ ಇರಲಿಲ್ಲ. ಹೊಡೆದೆ.